ಚಿತ್ರವಿಲ್ಲದ ಕಾಳಗ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಂದ ಮೇಲೆ ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ತಿರುಗಾಡಿತು. ಆಕಾಶದಲ್ಲಿ ಒಂದು ಜೆಟ್ ವಿಮಾನ, ಅದರ ಬಾಲದಿಂದ ಕಪ್ಪು ಹೊಗೆ. 1965ರಲ್ಲಿ ಕೊಡಗಿನ ದೇವಯ್ಯನವರು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ ಕ್ಷಣ ಇದು ಎಂದು ಕೆಳಗೆ ಬರೆದಿತ್ತು. ಒಂದೇ ದಿನದಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳದ ಗೆಳೆಯರಿಂದ ಮತ್ತೆ ನಾಲ್ಕು ಸಲ ನನಗೇ ಬಂತು. ನಾನು ಅದನ್ನು ಮುಂದೆ ಕಳಿಸಲಿಲ್ಲ. ಹೊಗೆ ಬಿಡುತ್ತಿದ್ದ ವಿಮಾನದ ರೆಕ್ಕೆಗಳು ಹಿಂದಕ್ಕೆ ಬಾಗಿದ್ದವು. ಸ್ಟಾರ್‌ಫೈಟರ್ ರೆಕ್ಕೆ ಹಾಗಿರುವುದಿಲ್ಲ. ಅದು ಗಿಡ್ಡ, ಹೆಚ್ಚುಕಡಿಮೆ ನೇರ, ಚಾಕುವಿನಂತೆ ತೆಳ್ಳಗೆ.

ಹಳೆಯ ವಿಮಾನಗಳ ಚಿತ್ರ ನೋಡುವ ಹುಚ್ಚು ನನಗೆ ಮೊದಲಿನಿಂದ ಇದೆ. ನಮ್ಮ ಜಿಲ್ಲೆಯಲ್ಲಿ ಬೆಳೆದ ಹುಡುಗರಿಗೆ ಇದು ಹೊಸದೇನಲ್ಲ. ಸೈನಿಕ ಶಾಲೆ, ನವೋದಯ, ಕಿತ್ತೂರು ಪರೀಕ್ಷೆಗಳಿಗೆ ತಯಾರಿ ಮಾಡಿಸುವ ಕೋಚಿಂಗ್ ಕ್ಲಾಸುಗಳ ಗೋಡೆ ತುಂಬ ಯುದ್ಧವಿಮಾನಗಳೇ. ಅಂಥ ಒಂದು ಗೋಡೆಯ ಮೇಲೆ ದೇವಯ್ಯನವರ ಹೆಸರಿನ ಪಕ್ಕ ತ್ರಿಕೋನ ರೆಕ್ಕೆಯ ಮಿಗ್-21 ಬರೆದಿದ್ದನ್ನು ನೋಡಿದ್ದೇನೆ. ದೇವಯ್ಯನವರು ಕೊನೆಯ ದಿನ ಹಾರಿಸಿದ್ದು ಮಿಗ್ ಅಲ್ಲ, ಫ್ರಾನ್ಸ್ ದೇಶದ ಮಿಸ್ಟೇರ್. ಹಳೆಯ ಚಿತ್ರ ಕಂಡರೆ ಮೊದಲು ರೆಕ್ಕೆ ನೋಡಬೇಕು, ಆಮೇಲೆ ಬಾಲ, ಆಮೇಲೆ ಗಾಳಿ ಒಳಗೆ ಹೋಗುವ ಬಾಯಿ, ಕೊನೆಗೆ ಗುರುತುಚಿಹ್ನೆ. ಅಡಿಬರಹವನ್ನು ಓದುವುದು ಎಲ್ಲಕ್ಕಿಂತ ಕೊನೆಗೆ.

ಈ ಸಂಚಿಕೆಗೆ ಒಬ್ಬ ಕನ್ನಡ ನಾಡಿನ ವ್ಯಕ್ತಿಯ ಜೀವನಚರಿತ್ರೆ ಬರೆದುಕೊಡು ಎಂದು ನಮ್ಮ ಸರ್ ಹೇಳಿದಾಗ ನಾನು ದೇವಯ್ಯನವರನ್ನೇ ಆರಿಸಿಕೊಂಡೆ. ಅವರ ಕೊನೆಯ ಕಾಳಗದ ಒಂದೇ ಒಂದು ಚಿತ್ರವೂ ಜಗತ್ತಿನಲ್ಲಿ ಇಲ್ಲ, ಆದರೂ ಅಲ್ಲಿ ಏನಾಯಿತು ಎಂಬುದು ಹೊರಗೆ ಬಂತು. ಅದು ಹೇಗೆ ಬಂತು ಎಂಬ ಕತೆ ಆ ಕಾಳಗದಷ್ಟೇ ದೊಡ್ಡದು. ಅದಕ್ಕೆ 20 ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ಆಮೇಲೆ, ತನ್ನ ಹೆಸರು ಕೊನೆಗೆ ಬರುತ್ತದೆ. ತಂದೆ ಬೊಪ್ಪಯ್ಯ ವೈದ್ಯರಾಗಿದ್ದರು. ಆಗ ಕೊಡಗು ಬ್ರಿಟಿಷರ ಕೈಕೆಳಗಿನ ಪ್ರತ್ಯೇಕ ಪ್ರಾಂತ್ಯ. 1956ರಲ್ಲಿ ಅದು ನಮ್ಮ ರಾಜ್ಯಕ್ಕೆ ಸೇರಿತು. ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಇತ್ತ ಬಂದದ್ದೂ ಅದೇ ವರ್ಷ. ಹೀಗೆ ನೋಡಿದರೆ ದೇವಯ್ಯನವರು ಸೈನ್ಯ ಸೇರಿದಾಗ ನಾವೂ ಅವರೂ ಒಂದೇ ರಾಜ್ಯದವರು ಆಗಿರಲಿಲ್ಲ.

ಕೊಡಗು ಸಣ್ಣ ಜಿಲ್ಲೆ. ಆದರೆ ಸೈನ್ಯದ ಲೆಕ್ಕದಲ್ಲಿ ಸಣ್ಣದಲ್ಲ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ ಅಲ್ಲಿಯವರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಅಲ್ಲಿಯವರೇ. ಮನೆಗೊಬ್ಬ ಸೈನಿಕ ಎನ್ನುವ ಆ ನಾಡಿನಲ್ಲಿ ಬಹುಪಾಲು ಜನ ಭೂಸೇನೆಯ ದಾರಿ ಹಿಡಿದರೆ ದೇವಯ್ಯ ಆಕಾಶದ ದಾರಿ ಹಿಡಿದರು. 1954ರಲ್ಲಿ ಅವರು ವಾಯುಪಡೆಯ ಪೈಲಟ್ ಆದರು. ಜೊತೆಯವರು ಅವರನ್ನು ಪ್ರೀತಿಯಿಂದ ಟಬ್ಬಿ ಎಂದು ಕರೆಯುತ್ತಿದ್ದರು. ದುಂಡುದುಂಡಾಗಿರುವವರಿಗೆ ಇಡುವ ಅಡ್ಡಹೆಸರು ಅದು.

ಮುಂದಿನ ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅವರು ಒಳ್ಳೆಯ ಪೈಲಟ್ ಆಗಿದ್ದರು, ಬೇರೆಯವರಿಗೆ ಹಾರಾಟ ಕಲಿಸುವಷ್ಟು ಒಳ್ಳೆಯವರು. 1965ರ ಯುದ್ಧ ಶುರುವಾದಾಗ ಅವರು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ತರಬೇತುದಾರರಾಗಿದ್ದರು. ಸ್ಕ್ವಾಡ್ರನ್ ಲೀಡರ್ ಎಂದರೆ ಭೂಸೇನೆಯ ಮೇಜರ್‌ಗೆ ಸಮನಾದ ಹುದ್ದೆ. ವಯಸ್ಸು 32. ಮದುವೆಯಾಗಿತ್ತು. ಯುದ್ಧದ ಸಮಯದಲ್ಲಿ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಹಿರಿಯ ಪೈಲಟ್ ಆಗಿ ಕಳಿಸಲಾಯಿತು. ಆ ಸ್ಕ್ವಾಡ್ರನ್‌ಗೆ ಹುಲಿಗಳು ಎಂಬ ಹೆಸರಿದೆ.

ಅಲ್ಲಿದ್ದ ವಿಮಾನಗಳು ಮಿಸ್ಟೇರ್ 4ಎ. ಇಂದು ರಫೇಲ್ ತಯಾರಿಸುತ್ತಿರುವ ದಸೋ ಕಂಪನಿಯೇ ಅವನ್ನೂ ತಯಾರಿಸಿದ್ದು. 1957ರ ಹೊತ್ತಿಗೆ ಭಾರತಕ್ಕೆ ಬಂದವು. ಮಿಸ್ಟೇರ್ ಎಂಬ ಫ್ರೆಂಚ್ ಶಬ್ದದ ಅರ್ಥ ರಹಸ್ಯ! ಮುಂದೆ ನಡೆದದ್ದನ್ನು ನೋಡಿದರೆ ಹೆಸರು ಸರಿಯಾಗಿಯೇ ಕೂಡಿಬಂತು. ಮೂಗಿನಲ್ಲಿ ಗಾಳಿ ನುಂಗುವ ದುಂಡು ಬಾಯಿ, ಹಿಂದಕ್ಕೆ ಬಾಗಿದ ರೆಕ್ಕೆ, ಎರಡು 30 ಮಿಲಿಮೀಟರ್ ಫಿರಂಗಿ. ಗಂಟೆಗೆ ಸುಮಾರು 1,100 ಕಿಲೋಮೀಟರ್ ವೇಗ, ಅಂದರೆ ನೇರ ಹಾರಾಟದಲ್ಲಿ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ.

ಎದುರು ಇದ್ದದ್ದು ಅಮೆರಿಕ ಕೊಟ್ಟ ಎಫ್-104 ಸ್ಟಾರ್‌ಫೈಟರ್. ಶಬ್ದದ ವೇಗದ ಎರಡು ಪಟ್ಟು ಓಡುವ ವಿಮಾನ. ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ತಿರುಗುವ ಬಂದೂಕು, ಶಾಖವನ್ನು ಹಿಂಬಾಲಿಸುವ ಕ್ಷಿಪಣಿ. ಪಾಕಿಸ್ತಾನದ ಬಳಿ ಇಂಥವು ಒಟ್ಟು 12 ಇದ್ದವು, ಸರ್ಗೋಧಾ ವಾಯುನೆಲೆಯ 9ನೇ ಸ್ಕ್ವಾಡ್ರನ್‌ನಲ್ಲಿ. ಸಂಖ್ಯೆ ಕಡಿಮೆ, ಹೆದರಿಕೆ ಜಾಸ್ತಿ. ಮಿಸ್ಟೇರ್ ಪೈಲಟ್ ಸ್ಟಾರ್‌ಫೈಟರ್ ಕಂಡರೆ ಏನು ಮಾಡಬೇಕು ಎಂದು ನಮ್ಮಂಥವರನ್ನು ಕೇಳಿದರೆ ಓಡಬೇಕು ಎನ್ನುತ್ತೇವೆ. ಆದರೆ ಎರಡು ಪಟ್ಟು ವೇಗದ ವಿಮಾನದಿಂದ ಓಡುವುದಾದರೂ ಎಲ್ಲಿಗೆ?

ಆಗ ಪ್ರಧಾನಿಯಾಗಿದ್ದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ನಮ್ಮ ಭಾಗದವರಿಗೆ ಅವರ ಪರಿಚಯ ಬೇರೆ ಹೇಳಬೇಕಾಗಿಲ್ಲ. ಹಿಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟವರು ಅವರೇ, ಜಲಾಶಯಕ್ಕೆ ಇಂದಿಗೂ ಅವರದೇ ಹೆಸರು. ಶಾಸ್ತ್ರಿಯವರು ಕರೆ ಕೊಟ್ಟಾಗ ಸೋಮವಾರ ರಾತ್ರಿ ಊಟ ಬಿಟ್ಟದ್ದನ್ನು ನಮ್ಮ ಅಜ್ಜ ಈಗಲೂ ಹೇಳುತ್ತಾರೆ. ಯುದ್ಧ ಎಂದರೆ ಅವರಿಗೆ ಆ ಖಾಲಿ ಹೊಟ್ಟೆ ಮತ್ತು ಊರಿಗೊಂದೇ ಇದ್ದ ರೇಡಿಯೋ.

ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಲಾಹೋರ್ ಕಡೆಗೆ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟ್ ಮತ್ತು ಹಲ್ವಾರಾ ನೆಲೆಗಳ ಮೇಲೆ ಎರಗಿದವು. ಪಠಾಣಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ಸುಟ್ಟುಹೋದವು. ಮರುದಿನ ಮುಂಜಾನೆಯೇ ಉತ್ತರ ಕೊಡಬೇಕು ಎಂದು ತೀರ್ಮಾನವಾಯಿತು. ಗುರಿ ಸರ್ಗೋಧಾ, ಪಾಕಿಸ್ತಾನದ ವಾಯುಪಡೆಯ ಹೃದಯ ಎನ್ನಬಹುದಾದ ನೆಲೆ.

ಆದಂಪುರದಿಂದ ಸರ್ಗೋಧಾಕ್ಕೆ ನೇರ ದೂರ ಸುಮಾರು 300 ಕಿಲೋಮೀಟರ್. ವಿಜಯಪುರದಿಂದ ಹೈದರಾಬಾದ್‌ಗೆ ಹಕ್ಕಿಯಂತೆ ಹಾರಿದರೆ ಎಷ್ಟೋ ಅಷ್ಟು. ರೇಡಾರ್ ಕಣ್ಣಿಗೆ ಬೀಳದಂತೆ ಮರದ ತುದಿ ಸವರುವಷ್ಟು ಕೆಳಗೆ ಹೋಗಬೇಕು. ಇಷ್ಟು ಕೆಳಗೆ ಜೆಟ್ ಎಂಜಿನ್ ಇಂಧನವನ್ನು ಬೇಗ ಕುಡಿಯುತ್ತದೆ. ಹೋಗಿ, ಒಂದು ಸಲ ಹೊಡೆದು, ಬರಲು ಸಾಕಾಗುವಷ್ಟೇ ಇಂಧನ. ನಡುವೆ ಯಾರಾದರೂ ಎದುರಾದರೆ ಕಾದಾಡುತ್ತ ನಿಲ್ಲಲು ಲೆಕ್ಕದಲ್ಲಿ ಜಾಗವೇ ಇಲ್ಲ.

ದಾಳಿಯ ನಾಯಕ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ, 1ನೇ ಸ್ಕ್ವಾಡ್ರನ್‌ನ ಮುಖ್ಯಸ್ಥ. ಹೋಗಬೇಕಾದವು 12 ಮಿಸ್ಟೇರ್. ದೇವಯ್ಯನವರ ಹೆಸರು ಆ 12ರಲ್ಲಿ ಇರಲಿಲ್ಲ. ಅವರು ಕಾಯ್ದಿರಿಸಿದ ಪೈಲಟ್, ಕ್ರಿಕೆಟ್‌ನ ಭಾಷೆಯಲ್ಲಿ ಹೇಳುವುದಾದರೆ ಹನ್ನೆರಡನೇ ಆಟಗಾರನ ಹಾಗೆ. 12ರಲ್ಲಿ ಯಾರಾದರೂ ಹಿಂದೆ ಸರಿದರೆ ಮಾತ್ರ ಅವರಿಗೆ ಜಾಗ. ಸೆಪ್ಟೆಂಬರ್ 7ರಂದು ಬೆಳಕು ಹರಿಯುವ ಮೊದಲೇ ವಿಮಾನಗಳು ಎದ್ದವು. ಕತ್ತಲೆ, ಗಡಿಬಿಡಿ, ಇಂಥ ದಾಳಿಗಳಲ್ಲಿ ಪಾಲಿಸುವ ರೇಡಿಯೋ ಮೌನ. ಆ ಕತ್ತಲೆಯಲ್ಲಿ ದೇವಯ್ಯನವರೂ ದಾಳಿಯ ಸಾಲಿಗೆ ಸೇರಿ ಪಶ್ಚಿಮಕ್ಕೆ ಹೊರಟರು.

ದಾಳಿ ನಡೆಯಿತು. ವಿಮಾನಗಳು ಗುಂಪುಗುಂಪಾಗಿ ಮರಳಿದವು. ಒಂದು ಬರಲಿಲ್ಲ.

ಅವರು ಎಲ್ಲಿ ಬಿದ್ದರು, ಹೋಗುವಾಗಲೋ ಬರುವಾಗಲೋ, ಗುಂಡು ತಗುಲಿತೋ ಇಂಧನ ತೀರಿತೋ, ಯಾರೂ ಕಂಡಿರಲಿಲ್ಲ. ವಾಯುಪಡೆಯ ಕಡತದಲ್ಲಿ ಕಾಣೆಯಾದವರು ಎಂದು ದಾಖಲಾಯಿತು, ಮುಂದೆ ಮೃತರೆಂದು ಘೋಷಿಸಲಾಯಿತು. ತನೇಜಾ ಅವರಿಗೆ ಆ ದಾಳಿಗಾಗಿ ವೀರ ಚಕ್ರ ಬಂತು. ದೇವಯ್ಯನವರಿಗೆ ಏನೂ ಬರಲಿಲ್ಲ. ಅದರಲ್ಲಿ ಯಾರ ಮೋಸವೂ ಇಲ್ಲ. ಏನು ಮಾಡಿದರು ಎಂದು ಗೊತ್ತಿಲ್ಲದ ಮನುಷ್ಯನಿಗೆ ಏನೆಂದು ಬರೆದು ಪದಕ ಕೊಡುವುದು?

ಕಾಣೆಯಾದವರು ಎಂಬ ಶಬ್ದ ಮನೆಯವರಿಗೆ ಎಷ್ಟು ಭಾರ ಎಂದು ತಿಳಿಯಲು ಅದೇ ಯುದ್ಧದ, ಅದೇ ಕೊಡಗಿನ ಇನ್ನೊಬ್ಬ ಪೈಲಟ್ ಕಡೆ ನೋಡಬೇಕು. ಸೆಪ್ಟೆಂಬರ್ 22ರಂದು ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಅವರ ಹಂಟರ್ ವಿಮಾನ ನೆಲದ ಗುಂಡಿಗೆ ಬಿತ್ತು, ಅವರು ಸೆರೆಯಾದರು. ತಂದೆ ಜನರಲ್ ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹುಡುಗ ಸಿಕ್ಕಿದ್ದಾನೆ, ಬದುಕಿದ್ದಾನೆ ಎಂಬ ಸುದ್ದಿ ಬೇಗನೆ ಮನೆಗೆ ತಲುಪಿತು. ಮಗನಿಗೆ ವಿಶೇಷ ಸವಲತ್ತು ಬೇಡ, ಎಲ್ಲ ಸೆರೆಯಾಳುಗಳೂ ತನ್ನ ಮಕ್ಕಳೇ ಎಂದು ತಂದೆ ನಿಂತದ್ದು ಪ್ರಸಿದ್ಧ ಕತೆ. ಅದು ಹೆಮ್ಮೆಯ ಕತೆಯೇ. ಆದರೆ ಅದೇ ತಿಂಗಳು ಕೊಡಗಿನ ಇನ್ನೊಂದು ಮನೆಗೆ ಆ ಕಡೆಯಿಂದ ಯಾವ ಸುದ್ದಿಯೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಇನ್ನೊಂದು ಹೋಲಿಕೆ ನಮ್ಮ ಕಾಲೇಜಿನವರಿಗೆಲ್ಲ ಗೊತ್ತಿರುವುದು. ಪ್ರತಿ ಗಣರಾಜ್ಯೋತ್ಸವಕ್ಕೆ ನಮ್ಮಲ್ಲಿ ಯಾರಾದರೊಬ್ಬರು ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಬಗ್ಗೆ ಭಾಷಣ ಮಾಡಿಯೇ ಮಾಡುತ್ತಾರೆ. ಗಾಜೀಪುರ ಜಿಲ್ಲೆಯ ಧಾಮೂಪುರದಲ್ಲಿ 1933ರ ಜುಲೈ 1ರಂದು ಹುಟ್ಟಿದವರು, ಅಂದರೆ ದೇವಯ್ಯನವರಿಗಿಂತ ಆರು ತಿಂಗಳು ಚಿಕ್ಕವರು. ದೇವಯ್ಯ ಕಾಣೆಯಾದ ಮೂರೇ ದಿನಕ್ಕೆ ಖೇಮ್ ಕರಣ್ ಬಳಿ ಜೀಪಿನ ಮೇಲೆ ಕಟ್ಟಿದ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಂದೊಂದಾಗಿ ಒಡೆದು ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಕೊಡುವ ನಿರ್ಧಾರ ಅದೇ ತಿಂಗಳು ಹೊರಬಿತ್ತು. ತಡವಾಗಲು ಕಾರಣವೇ ಇರಲಿಲ್ಲ. ಸುತ್ತ ಅವರ 4ನೇ ಗ್ರೆನೇಡಿಯರ್ಸ್ ಪಡೆಯ ಜೊತೆಗಾರರಿದ್ದರು, ಒಡೆದ ಟ್ಯಾಂಕುಗಳು ಹೊಲದಲ್ಲೇ ನಿಂತಿದ್ದವು, ಬೇಕಾದವರು ಹೋಗಿ ಚಿತ್ರ ತೆಗೆಯಬಹುದಿತ್ತು, ತೆಗೆದರು ಕೂಡ. ದೇವಯ್ಯನವರಿಗೆ ಆದದ್ದು ಶತ್ರುವಿನ ನೆಲದ ಮೇಲೆ, ಒಬ್ಬರೇ ಇದ್ದಾಗ. ನೋಡಿದವರು ಶತ್ರುವಿನ ಕಡೆಯವರು ಮಾತ್ರ.

ಹಾಗಾದರೆ ವಿಮಾನದೊಳಗಿನ ಕ್ಯಾಮೆರಾ? ಈ ಪ್ರಶ್ನೆಯನ್ನು ನನ್ನ ಬೆಂಚಿನ ಗೆಳೆಯ ಕೇಳಿದ, ಕೇಳಬೇಕಾದ್ದೇ. ಯುದ್ಧವಿಮಾನದ ಮೂಗಿನಲ್ಲಿ ಅಥವಾ ರೆಕ್ಕೆಯಲ್ಲಿ ಬಂದೂಕಿನ ಜೊತೆಗೆ ಒಂದು ಪುಟ್ಟ ಸಿನಿಮಾ ಕ್ಯಾಮೆರಾ ಇರುತ್ತದೆ. ಪೈಲಟ್ ಗುಂಡಿ ಒತ್ತಿದಷ್ಟು ಹೊತ್ತು ಅದೂ ಓಡುತ್ತದೆ. ಇಳಿದ ಮೇಲೆ ಫಿಲ್ಮ್ ತೊಳೆದು, ಗುಂಡು ತಗುಲಿತೇ ಇಲ್ಲವೇ ಎಂದು ನೋಡುತ್ತಾರೆ. ನಮಗೆ ಸಿಗುವ ಮಬ್ಬುಮಬ್ಬಾದ, ನಡುವೆ ಗುರಿಯ ಗೆರೆಗಳಿರುವ ಹಳೆಯ ಕಾಳಗದ ಚಿತ್ರಗಳು ಹೆಚ್ಚಾಗಿ ಹೀಗೆ ಬಂದವು. ಇಲ್ಲೊಂದು ಕಟು ಸತ್ಯವಿದೆ: ಅಂಥ ಚಿತ್ರ ನಮ್ಮ ಕೈಗೆ ಬಂದಿದೆ ಎಂದರೆ ಅದನ್ನು ತೆಗೆದವನು ಮರಳಿ ಇಳಿದಿದ್ದಾನೆ. ಆ ಮುಂಜಾನೆ ಕಾದಾಡಿದ ಎರಡು ವಿಮಾನಗಳಲ್ಲಿ ಒಂದೂ ಇಳಿಯಲಿಲ್ಲ. ಎರಡೂ ಬಿದ್ದವು. ವಾಟ್ಸಾಪ್ ಚಿತ್ರ ಸುಳ್ಳು ಎಂದು ಹೇಳಲು ರೆಕ್ಕೆಯನ್ನೂ ನೋಡಬೇಕಾಗಿಲ್ಲ, ಇಷ್ಟು ಗೊತ್ತಿದ್ದರೆ ಸಾಕು.

ಚಿತ್ರ ಇದ್ದ ಮಾತ್ರಕ್ಕೂ ಕತೆ ತಿಳಿಯುವುದಿಲ್ಲ ಬಿಡಿ. ಭಾರತದ ಗುರುತಿರುವ ಒಂದು ಪುಟ್ಟ ನ್ಯಾಟ್ ವಿಮಾನ ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಅಚ್ಚುಕಟ್ಟಾಗಿ ನಿಂತಿರುವ ಚಿತ್ರವನ್ನು ಹಲವರು ನೋಡಿರಬಹುದು. ಮೊದಲ ಸಲ ನೋಡಿದವರು ಇದು ನಕಲಿ ಚಿತ್ರ ಎನ್ನುತ್ತಾರೆ. ನಕಲಿ ಅಲ್ಲ. 1965ರ ಸೆಪ್ಟೆಂಬರ್ 3ರಂದು ಸ್ಕ್ವಾಡ್ರನ್ ಲೀಡರ್ ಸಿಕಂದ್ ಅವರು ಗಡಿಯಾಚೆಯ ಪಸ್ರೂರ್ ಎಂಬಲ್ಲಿ ಅದನ್ನು ಇಳಿಸಿದರು, ಸೆರೆಯಾದರು. ವಿಮಾನ ಇಂದಿಗೂ ಅಲ್ಲೇ ಇದೆ. ಇನ್ನು ಯುದ್ಧದ ಲೆಕ್ಕಗಳಂತೂ ಎರಡೂ ಕಡೆ ಉಬ್ಬಿದವೇ. ನಮ್ಮವರು ಬಿತ್ತು ಎಂದು ಬರೆದುಕೊಂಡ ಒಂದು ಸೇಬರ್ ವಿಮಾನ ಪೆಟ್ಟು ತಿಂದೂ ತನ್ನ ನೆಲೆಯಲ್ಲಿ ಇಳಿದಿತ್ತು. ಅವರ ಕಡೆ ಒಬ್ಬ ಪೈಲಟ್ ಸೆಪ್ಟೆಂಬರ್ 7ರಂದೇ ಒಂದೇ ಹಾರಾಟದಲ್ಲಿ ಐದು ಹಂಟರ್ ಬೀಳಿಸಿದರು ಎನ್ನುತ್ತಾರೆ, ನಮ್ಮ ದಾಖಲೆಯಲ್ಲಿ ಅಷ್ಟು ನಷ್ಟವೇ ಇಲ್ಲ. ಆ ದಿನವನ್ನು ಪಾಕಿಸ್ತಾನ ತನ್ನ ವಾಯುಪಡೆ ದಿನವಾಗಿ ಆಚರಿಸುತ್ತದೆ. ಒಂದು ಕಡೆಯ ಕಾಗದ ಮಾತ್ರ ಓದಿದರೆ ಯಾವ ಕಾಳಗವೂ ಪೂರ್ತಿ ತಿಳಿಯುವುದಿಲ್ಲ ಎಂಬುದಕ್ಕೆ ಇವು ನನಗೆ ಸಿಕ್ಕ ಉದಾಹರಣೆಗಳು. ದೇವಯ್ಯನವರ ವಿಷಯದಲ್ಲಿ ನಮ್ಮ ಕಡೆಯ ಕಾಗದ ಖಾಲಿ ಇತ್ತು.

ಆ ಖಾಲಿ ತುಂಬಿದ್ದು 1979ರಲ್ಲಿ, ಯಾರೂ ಎಣಿಸದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರರು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ತಂದರು. ಪಾಕಿಸ್ತಾನದ ವಾಯುಪಡೆ ಅವರಿಗೆ ತನ್ನ ದಾಖಲೆಗಳನ್ನು ತೆರೆದಿಟ್ಟಿತ್ತು. ಪುಸ್ತಕ ಆ ಕಡೆಯ ಸಾಹಸವನ್ನು ಹೇಳಲೆಂದೇ ಬರೆದದ್ದು. ಅದರಲ್ಲಿ ಸೆಪ್ಟೆಂಬರ್ 7ರ ಮುಂಜಾನೆ ಒಂದು ಸ್ಟಾರ್‌ಫೈಟರ್ ಕಳೆದುಕೊಂಡ ವಿಷಯವೂ ಇತ್ತು. ಅದನ್ನು ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮರಳುತ್ತಿದ್ದ ಮಿಸ್ಟೇರ್‌ಗಳನ್ನು ಬೆನ್ನಟ್ಟಿ ಅವರು ಒಂದಕ್ಕೆ ಗುಂಡು ಹೊಡೆದರು. ತಗುಲಿತು. ಆದರೆ ಆ ಮಿಸ್ಟೇರ್ ಬೀಳಲಿಲ್ಲ. ಓಡಲೂ ಇಲ್ಲ. ತಿರುಗಿ ನಿಂತಿತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ನಮ್ಮ ಪ್ರಥಮ ಪಿಯುಸಿ ಪುಸ್ತಕದ ವೃತ್ತೀಯ ಚಲನೆಯ ಪಾಠ ನೆನಪಿಸಿಕೊಳ್ಳಿ. ವಾಲಿ ತಿರುಗುವ ವಸ್ತುವಿನ ವೃತ್ತದ ತ್ರಿಜ್ಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವಾಲುವ ಕೋನ ಒಂದೇ ಆದರೆ, ವೇಗ ಎರಡು ಪಟ್ಟಾದಾಗ ತಿರುವಿನ ವೃತ್ತ ನಾಲ್ಕು ಪಟ್ಟು ದೊಡ್ಡದು. ಸಿಂದಗಿ ಬಸ್ ನಿಲ್ದಾಣದ ಮುಂದೆ ಲಾರಿ ಮತ್ತು ಸೈಕಲ್ ಒಟ್ಟಿಗೆ ತಿರುಗುವುದನ್ನು ನೋಡಿದವರಿಗೆ ಸೂತ್ರವೂ ಬೇಕಿಲ್ಲ. ಜೊತೆಗೆ ಸ್ಟಾರ್‌ಫೈಟರ್‌ನ ರೆಕ್ಕೆಯ ಹರವು 7 ಮೀಟರ್‌ಗೂ ಕಡಿಮೆ, ಮಿಸ್ಟೇರ್‌ನದು ಸುಮಾರು 11. ನೇರ ಓಟಕ್ಕೆ ಕಟ್ಟಿದ ವಿಮಾನಕ್ಕೆ ತಿರುವು ಬಿಗಿಯಾದಷ್ಟೂ ರೆಕ್ಕೆ ಸಾಲುವುದಿಲ್ಲ. ವೇಗದ ವಿಮಾನ ತನ್ನ ವೇಗವನ್ನು ಬಿಟ್ಟುಕೊಟ್ಟು ತಿರುಗಾಟಕ್ಕೆ ಇಳಿದರೆ ಅದರ ಅರ್ಧ ಬಲ ಹೋಯಿತು.

ಇದು ಹಾರಾಟ ಕಲಿಸುತ್ತಿದ್ದ ದೇವಯ್ಯನವರಿಗೆ ಬಾಯಿಪಾಠವಾಗಿರಲೇಬೇಕು. ಎಷ್ಟೋ ಹುಡುಗರಿಗೆ ಹೇಳಿಕೊಟ್ಟ ಪಾಠ ಅದು. ಆದರೆ ಕಲಿಸುವುದು ಬೇರೆ, ಗುಂಡು ತಿಂದ ವಿಮಾನದಲ್ಲಿ, ನೆಲಕ್ಕೆ ಹತ್ತಿರ, ಮನೆಗೆ ಮರಳುವ ಇಂಧನದ ಲೆಕ್ಕ ಬಿಟ್ಟು ಅದನ್ನು ಮಾಡುವುದು ಬೇರೆ. ಅವರು ತಿರುಗಿದ ಕ್ಷಣವೇ ಆದಂಪುರ ಅವರ ಕೈಗೆ ಎಟುಕದಷ್ಟು ದೂರ ಹೋಯಿತು ಎಂದು ನನಗನಿಸುತ್ತದೆ. ಅವರ ಗುಂಡು ಸ್ಟಾರ್‌ಫೈಟರ್‌ಗೆ ತಗುಲಿತು. ಅಮ್ಜದ್ ಹುಸೇನ್ ಹೊರಗೆ ಹಾರಿ ಪ್ಯಾರಾಚೂಟ್ ಮೂಲಕ ಇಳಿದು ಬದುಕಿಕೊಂಡರು. ದೇವಯ್ಯ ಉಳಿಯಲಿಲ್ಲ.

ಈ ನಷ್ಟಕ್ಕೆ ಇನ್ನೊಂದು ವಿವರಣೆಯೂ ಇದೆ. ಸಿಡಿದ ಮಿಸ್ಟೇರ್‌ನ ಚೂರುಗಳು ಬಡಿದು ಸ್ಟಾರ್‌ಫೈಟರ್ ಬಿತ್ತು ಎಂದು ಆ ಕಡೆ ಮೊದಲು ಹೇಳಲಾಗಿತ್ತು. ಎರಡನ್ನೂ ಓದಿದ ಮೇಲೆ ನನಗೆ ಫ್ರಿಕರ್ ಬರೆದದ್ದೇ ಸರಿ ಎನಿಸುತ್ತದೆ. ಕಾರಣ ಸರಳ. ತನಗೆ ದಾಖಲೆ ಕೊಟ್ಟವರಿಗೆ ಮುಜುಗರವಾಗುವ ಮಾತನ್ನು ಯಾವ ಬರಹಗಾರನೂ ಸುಮ್ಮನೆ ಕಟ್ಟಿ ಹೇಳುವುದಿಲ್ಲ. ಹಳೆಯ, ನಿಧಾನದ ವಿಮಾನವೊಂದು ತಮ್ಮ ಅತ್ಯುತ್ತಮ ವಿಮಾನವನ್ನು ಬೀಳಿಸಿತು ಎಂದು ಒಪ್ಪಿಕೊಳ್ಳುವುದರಲ್ಲಿ ಪಾಕಿಸ್ತಾನಕ್ಕೆ ಲಾಭವೇನೂ ಇರಲಿಲ್ಲ.

ಪುಸ್ತಕದಲ್ಲಿ ಭಾರತೀಯ ಪೈಲಟ್ ಯಾರು ಎಂಬ ಹೆಸರಿರಲಿಲ್ಲ. ಪಾಕಿಸ್ತಾನಕ್ಕೆ ಅದು ಗೊತ್ತಿರುವ ಬಗೆಯೂ ಇರಲಿಲ್ಲ. ಹೆಸರು ನಮ್ಮ ಕಡತದಲ್ಲಿತ್ತು, ಕಾಳಗ ಅವರ ಕಡತದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಉತ್ತರ ತಾನಾಗಿ ಬಂತು. ಆ ಮುಂಜಾನೆಯ ಮಿಸ್ಟೇರ್ ದಾಳಿಯಿಂದ ಮರಳದವರು ಒಬ್ಬರೇ. ಹಾಗಿದ್ದರೆ ತಿರುಗಿ ನಿಂತ ಮಿಸ್ಟೇರ್ ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲ. ಗಣಿತದಲ್ಲಿ ಉಳಿದ ಎಲ್ಲ ಸಾಧ್ಯತೆ ತೆಗೆದುಹಾಕಿ ಉತ್ತರ ಹಿಡಿಯುತ್ತೇವಲ್ಲ, ಹಾಗೆ.

ಇಷ್ಟು ಸರಳವಾದದ್ದು ದೆಹಲಿಯ ಕಡತದಲ್ಲಿ ಜಾಗ ಪಡೆಯಲು ಮತ್ತೂ ಕೆಲವು ವರ್ಷ ಹಿಡಿಯಿತು. ದಾಳಿಯ ನಾಯಕರಾಗಿದ್ದ ತನೇಜಾ ಈ ವಿಷಯ ತಿಳಿದ ಮೇಲೆ ಸುಮ್ಮನಿರಲಿಲ್ಲ. ತಮ್ಮ ಪೈಲಟ್‌ಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ವಾಯುಪಡೆಯ ಮುಖ್ಯ ಕಚೇರಿಗೆ ಬರೆದರು. ಯುದ್ಧ ಮುಗಿದು ಎರಡು ದಶಕವಾಗಿತ್ತು, ಅವರು ಬರೆಯದಿದ್ದರೂ ಕೇಳುವವರಿರಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ದೇವಯ್ಯನವರ ನಂತರ ಹೆಚ್ಚು ಇಷ್ಟವಾದವರು ತನೇಜಾ. 1988ರಲ್ಲಿ, ಸತ್ತು 23ನೇ ವರ್ಷಕ್ಕೆ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ಪರಮವೀರ ಚಕ್ರದ ನಂತರ ಯುದ್ಧಕಾಲದ ಅತಿ ದೊಡ್ಡ ಗೌರವ ಅದು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಗಂಡ ಹೋದಾಗ ಅವರು ಎಳೆಯ ವಯಸ್ಸಿನವರು. ಗಂಡ ಹೇಗೆ ಹೋದರು ಎಂದು ಸರ್ಕಾರ ಹೇಳುವ ಹೊತ್ತಿಗೆ ಅರ್ಧ ಬದುಕು ಕಳೆದಿತ್ತು.

ಅಮ್ಜದ್ ಹುಸೇನ್ ಅವರ ಮುಂದಿನ ಕತೆ ಸಿನಿಮಾದವರು ಕಟ್ಟಿದ್ದು ಎಂದು ನಮ್ಮಲ್ಲಿ ಕೆಲವರು ಅಂದುಕೊಂಡಿದ್ದಾರೆ. ಕಟ್ಟಿದ್ದಲ್ಲ. 1971ರ ಯುದ್ಧದಲ್ಲಿ ಅವರು ಮತ್ತೆ ಸ್ಟಾರ್‌ಫೈಟರ್ ಹಾರಿಸುತ್ತ ಅಮೃತಸರದ ಮೇಲೆ ಬಂದಾಗ ನಮ್ಮ ನೆಲದ ತೋಪುಗಳ ಪೆಟ್ಟಿಗೆ ವಿಮಾನ ಬಿತ್ತು. ಎರಡನೇ ಸಲವೂ ಪ್ಯಾರಾಚೂಟ್‌ನಿಂದ ಇಳಿದು ಬದುಕಿದರು, ಈ ಸಲ ಭಾರತದ ಸೆರೆಯಾಳಾಗಿ. ಆರು ವರ್ಷದ ಹಿಂದೆ ಆ ಮಿಸ್ಟೇರ್‌ಗೆ ಏನಾಯಿತು ಎಂದು ಕಣ್ಣಾರೆ ಕಂಡ ಮನುಷ್ಯ ನಮ್ಮ ದೇಶದಲ್ಲೇ ಸೆರೆಯಲ್ಲಿದ್ದರು. ಆಗ ಇನ್ನೂ ಫ್ರಿಕರ್ ಪುಸ್ತಕ ಬಂದಿರಲಿಲ್ಲ, ದೇವಯ್ಯನವರು ಇನ್ನೂ ಏನೂ ತಿಳಿಯದ ಕಡತ.

ಸಿನಿಮಾದಲ್ಲಿ ದೇವಯ್ಯ ಎಂಬ ಹೆಸರಿಲ್ಲ. ಪಾತ್ರಕ್ಕೆ ಬೇರೆ ಹೆಸರಿಟ್ಟು, ಟಬ್ಬಿ ಎಂಬ ಅಡ್ಡಹೆಸರನ್ನು ಸ್ವಲ್ಪ ತಿದ್ದಿ ಉಳಿಸಿಕೊಂಡಿದ್ದಾರೆ. ಕೊಡವರು ಇದಕ್ಕೆ ಬೇಸರಪಟ್ಟರು. ಅವರ ಬೇಸರ ನನಗೆ ನ್ಯಾಯವಾಗಿಯೇ ಕಾಣುತ್ತದೆ, 23 ವರ್ಷ ಕಾದು ಪಡೆದ ಹೆಸರು ಅದು. ಮಡಿಕೇರಿಯಲ್ಲಿ ಖಾಸಗಿ ಬಸ್ಸುಗಳು ತಿರುಗುವ ವೃತ್ತಕ್ಕೆ ಅವರ ಹೆಸರಿದೆ. ಮುಂದಿನ ಪ್ರವಾಸಕ್ಕೆ ಕೊಡಗು ಎಂದು ನಿರ್ಧಾರವಾದರೆ ರಾಜಾಸೀಟ್‌ಗೆ ಹೋಗುವ ದಾರಿಯಲ್ಲಿ ಅಲ್ಲಿ ಎರಡು ನಿಮಿಷ ಇಳಿಯೋಣ ಎಂದು ಸರ್ ಅವರಲ್ಲಿ ಈಗಲೇ ಕೇಳಿಕೊಂಡಿದ್ದೇನೆ.

ದೇವಯ್ಯನವರ ದೇಹ ಮರಳಿ ಬರಲಿಲ್ಲ. ಅದು ಬಹುಮಟ್ಟಿಗೆ ಹಾಗೆಯೇ ಸಿಕ್ಕಿತ್ತು ಎನ್ನುತ್ತಾರೆ. ವಿಮಾನ ಬಿದ್ದ ಕಡೆಯ ಹಳ್ಳಿಯ ಜನ, ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲೇ, ಹೆಸರು ಗೊತ್ತಿಲ್ಲದ ಆ ಭಾರತೀಯನನ್ನು ತಮ್ಮ ಹೊಲದಲ್ಲಿ ಮಣ್ಣು ಮಾಡಿದರು.